ಜೀನ್ಸ್ ಹಿಡಿದು 1900ರ ಅಮೆರಿಕ ಪಾಠ ಮಾಡುವುದು ಹೇಗೆ?

ಬಳ್ಳಾರಿಯ ಮಕ್ಕಳಿಗೆ 1900ರ ಆಸುಪಾಸಿನ ಅಮೆರಿಕ ಪಾಠ ಮಾಡಬೇಕಾ? ಅಧ್ಯಕ್ಷರ ಪಟ್ಟಿಯಿಂದ ಶುರು ಮಾಡಬೇಡಿ. ನಾನು ಎರಡು ವರ್ಷ ಹಾಗೇ ಮಾಡಿದೆ. ಮಕ್ಕಳು ಸುಮ್ನೆ ಬರೆದುಕೊಂಡರು, ಅಷ್ಟೇ. ಈಗ ಕ್ಲಾಸಿಗೆ ಒಂದು ಜೀನ್ಸ್ ಪ್ಯಾಂಟ್ ಒಯ್ಯುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರ ಮನೆಯಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ.

ಮೊದಲು ಜೇಬಿನ ಮೂಲೆಯ ರಿವೆಟ್, ಅಂದರೆ ಬಟ್ಟೆಗೆ ಬಡಿದ ಲೋಹದ ಪುಟ್ಟ ಮೊಳೆ, ತೋರಿಸಿ. ಇದು ಯಾಕೆ ಅಂತ ಕೇಳಿ. ಜೇಬು ಹರಿಯಬಾರದು ಅಂತ ಅವರೇ ಹೇಳುತ್ತಾರೆ. ಈ ಉಪಾಯ ಹೊಳೆದದ್ದು ನೆವಾಡಾದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್‌ಗೆ. ಆತ ಹುಟ್ಟಿದ್ದು ಯುರೋಪಿನ ರೀಗಾದಲ್ಲಿ, ಈಗಿನ ಲಾಟ್ವಿಯಾ. ಆತನಿಗೆ ಬಟ್ಟೆ ಮಾರುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಲೀವೈ ಸ್ಟ್ರಾಸ್ ಜರ್ಮನಿಯ ಬವೇರಿಯಾದವನು. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಜಗತ್ತು ಅಮೆರಿಕದ್ದು ಅಂತ ಗುರುತಿಸುವ ಬಟ್ಟೆ ವಲಸೆ ಬಂದವರ ಕೈಕೆಲಸ. ಇಲ್ಲಿ ಸ್ವಲ್ಪ ನಿಲ್ಲಿ, ಮಕ್ಕಳು ಯೋಚಿಸಲಿ.

ಇಸವಿಗಳು ಜಾಸ್ತಿ ಬೇಡ. 1892ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ಕೇಂದ್ರ ತೆರೆಯಿತು. ಅದೇ ವರ್ಷ ಶಾಲೆಗಳಲ್ಲಿ ಧ್ವಜದ ಪ್ರತಿಜ್ಞೆ ಶುರುವಾಯಿತು. ಎರಡನ್ನೂ ಒಟ್ಟಿಗೇ ಹೇಳಿ. 1893ರ ಶಿಕಾಗೋ ಅಂದರೆ ಮಕ್ಕಳಿಗೆ ವಿವೇಕಾನಂದರು ಗೊತ್ತು. ಅದೇ ಊರಲ್ಲಿ, ಎರಡು ತಿಂಗಳು ಮೊದಲು, ಇತಿಹಾಸಕಾರ ಫ್ರೆಡರಿಕ್ ಟರ್ನರ್ ಪಶ್ಚಿಮದ ಗಡಿನಾಡಿನ ಬದುಕೇ ಅಮೆರಿಕನ್ನರನ್ನು ರೂಪಿಸಿತು ಎಂದು ವಾದಿಸಿದ್ದ. ಆ ನೆಲದಲ್ಲಿ ಮೊದಲೇ ಇದ್ದವರು ಯಾರು ಅಂತ ಒಬ್ಬ ವಿದ್ಯಾರ್ಥಿಯಾದರೂ ಕೇಳುತ್ತಾನೆ. ಕೇಳದಿದ್ದರೆ ನೀವೇ ಕೇಳಿ.

ಈಗ ಜೇಬನ್ನು ಹೊರಗೆ ತಿರುಗಿಸಿ. 1880ರ ದಶಕದ ಲೀವೈಸ್ ಪ್ಯಾಂಟೊಂದರ ಜೇಬಿನೊಳಗೆ, ಇದು ಬಿಳಿಯರೇ ಹೊಲಿದದ್ದು ಎಂಬ ಅಚ್ಚು ಇತ್ತು. 1882ರಲ್ಲಿ ಚೀನೀ ಕಾರ್ಮಿಕರು ದೇಶದೊಳಗೆ ಬರದಂತೆ ಕಾನೂನೇ ಆಗಿತ್ತು. ಹೊರಗಿನಿಂದ ಬಂದವರೇ ಇನ್ನೊಬ್ಬರಿಗೆ ಬಾಗಿಲು ಹಾಕಿದರು. ನನಗೆ ಪ್ರತಿ ಸಲ ಇದನ್ನು ಹೇಳುವಾಗ ಸಂಕಟವಾಗುತ್ತದೆ.

ಕೊನೆಗೆ ಹದಿನೈದು ನಿಮಿಷ ಉಳಿಸಿಕೊಳ್ಳಿ. ವಾಂಗ್ ಕಿಮ್ ಆರ್ಕ್ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿದವನು, ಅಪ್ಪ ಅಮ್ಮ ಚೀನಾದವರು. 1895ರಲ್ಲಿ ಚೀನಾಕ್ಕೆ ಹೋಗಿ ಬಂದಾಗ ಅವನನ್ನು ಬಂದರಿನಲ್ಲೇ ತಡೆದರು. ಇವನು ಅಮೆರಿಕನ್ನನೋ ಅಲ್ವೋ? ತೀರ್ಪು ಹೇಳಬೇಡಿ, ಮಕ್ಕಳು ವಾದ ಮಾಡಲಿ. ನನ್ನ ಕ್ಲಾಸಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುತ್ತವೆ, ವಾದ ಜೋರಾಗುತ್ತದೆ. ಆಮೇಲೆ ಬೋರ್ಡಿನ ಮೇಲೆ ಬರೆಯಿರಿ: 1898, ಸುಪ್ರೀಂ ಕೋರ್ಟ್, ಆರು ನ್ಯಾಯಮೂರ್ತಿಗಳು ಹೌದು ಅಂದರು, ಇಬ್ಬರು ಅಲ್ಲ ಅಂದರು. ಅದಕ್ಕೂ ಎರಡು ವರ್ಷ ಹಿಂದೆ ಇದೇ ಕೋರ್ಟು ಕಪ್ಪು ಜನರಿಗೆ ಬೇರೆ ರೈಲು ಡಬ್ಬಿ ಇಟ್ಟರೆ ತಪ್ಪಿಲ್ಲ ಅಂದಿತ್ತು. ಅದನ್ನೂ ಪಕ್ಕದಲ್ಲೇ ಬರೆಯಿರಿ. ಗಂಟೆ ಹೊಡೆದರೂ ಅಳಿಸಬೇಡಿ.