ಮಾರಿಷಸ್‌ನಲ್ಲಿ ಹಣ ಎಷ್ಟಿದೆ? ನೀವೇ ಲೆಕ್ಕ ಹಾಕಿ ನೋಡಿ

ಒಂದು ದೇಶದ ದುಡಿಮೆಗೆ ಹೋಲಿಸಿದರೆ ಅಲ್ಲಿ ಹಣ ಎಷ್ಟಿದೆ ಅಂತ ತಿಳಿಯಲು ಅರ್ಥಶಾಸ್ತ್ರ ಓದಿರಬೇಕಿಲ್ಲ, ಭಾಗಾಕಾರ ಬಂದರೆ ಸಾಕು. ಮಾರಿಷಸ್ ತೆಗೆದುಕೊಳ್ಳೋಣ. ಸುಮಾರು 12.6 ಲಕ್ಷ ಜನರ ದ್ವೀಪ, ಅದಕ್ಕೆ ಅದರದ್ದೇ ರೂಪಾಯಿ.

ಮೊದಲು ವಿಶಾಲ ಹಣದ ಅಂಕಿ ಹುಡುಕಿ. ಜನರ ಕೈಯಲ್ಲಿರುವ ನೋಟು, ನಾಣ್ಯ, ಬ್ಯಾಂಕಿನಲ್ಲಿಟ್ಟ ಉಳಿತಾಯ ಮತ್ತು ಠೇವಣಿ, ಡಾಲರ್ ಯೂರೋಗಳಲ್ಲಿ ಇಟ್ಟಿದ್ದು ಕೂಡ, ಎಲ್ಲ ಸೇರಿ ವಿಶಾಲ ಹಣ. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಮಾರಿಷಸ್ ಇದನ್ನು ಪ್ರಕಟಿಸುತ್ತದೆ. ಡಿಸೆಂಬರ್ ಕೊನೆಯ ಅಂಕಿ ಬರೆದುಕೊಳ್ಳಿ.

ಆಮೇಲೆ ಅದೇ ವರ್ಷದ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಮೌಲ್ಯ. ಇದು ಸ್ಟ್ಯಾಟಿಸ್ಟಿಕ್ಸ್ ಮಾರಿಷಸ್ ಸಂಸ್ಥೆಯಲ್ಲಿ ಸಿಗುತ್ತದೆ. ಚಾಲ್ತಿ ಬೆಲೆಯದ್ದೇ (ಆಯಾ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕಿದ್ದು) ಬೇಕು, ಸ್ಥಿರ ಬೆಲೆಯದ್ದು (ಬೆಲೆ ಏರಿಕೆ ಕಳೆದು ಲೆಕ್ಕ ಹಾಕಿದ್ದು) ಬೇಡ. ಎರಡೂ ಮಾರಿಷಸ್ ರೂಪಾಯಿಯಲ್ಲೇ ಇರಲಿ.

ಹಣವನ್ನು ಜಿಡಿಪಿಯಿಂದ ಭಾಗಿಸಿ, 100ರಿಂದ ಗುಣಿಸಿ. ಉತ್ತರ 100 ದಾಟುತ್ತದೆ. ಎಲ್ಲೋ ತಪ್ಪಾಯಿತು ಅಂತ ಅಳಿಸಬೇಡಿ! ಜಿಡಿಪಿ ವರ್ಷವಿಡೀ ನಡೆದ ದುಡಿಮೆಯ ಮೊತ್ತ, ಹಣ ಮಾತ್ರ ಒಂದು ದಿನ ನಿಂತು ಎಣಿಸಿದ್ದು, ಅದರಲ್ಲಿ ಎಷ್ಟೋ ವರ್ಷಗಳ ಉಳಿತಾಯ ಸೇರಿರುತ್ತದೆ ಅಲ್ವಾ?

ಈಗ 2020ಕ್ಕೆ ಬನ್ನಿ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಆ ವರ್ಷ ಅನುಪಾತ ಜಿಗಿಯಿತು. ನೋಡಿದ ತಕ್ಷಣ ‘ನೋಟು ಮುದ್ರಿಸಿದರು’ ಅಂತ ಹೇಳಿಬಿಡುತ್ತೇವೆ. ಸ್ವಲ್ಪ ತಾಳಿ, ಗೆರೆಯ ಕೆಳಗಿನ ಅಂಕಿ, ಅಂದರೆ ಜಿಡಿಪಿ, ಮೊದಲು ನೋಡಿ. ಕೊರೊನಾದಿಂದ ಗಡಿ ಮುಚ್ಚಿತು, ಪ್ರವಾಸಿಗರಿಲ್ಲದೆ ಹೋಟೆಲುಗಳು ಖಾಲಿಯಾದವು, ಆರ್ಥಿಕತೆ ಸುಮಾರು 15% ಕುಗ್ಗಿತು. ಸುಮ್ನೆ ಉದಾಹರಣೆಗೆ, ಹಣ 100, ಜಿಡಿಪಿಯೂ 100 ಇತ್ತು ಅಂದುಕೊಳ್ಳಿ. ಜಿಡಿಪಿ 85ಕ್ಕೆ ಇಳಿದರೆ ಉತ್ತರ ಸುಮಾರು 118. ಒಂದು ರೂಪಾಯಿಯೂ ಹೊಸದಾಗಿ ಹುಟ್ಟಿಲ್ಲ, ಅನುಪಾತ ಮಾತ್ರ ಏರಿದೆ.

ಗೆರೆಯ ಮೇಲಿನ ಅಂಕಿ, ಅಂದರೆ ಹಣವೂ ಬೆಳೆದಿದ್ದು ನಿಜ. ಸರ್ಕಾರಕ್ಕೆ ಕೇಂದ್ರ ಬ್ಯಾಂಕ್ 60 ಬಿಲಿಯನ್, ಅಂದರೆ 6,000 ಕೋಟಿ ಮಾರಿಷಸ್ ರೂಪಾಯಿ ಕೊಡುತ್ತದೆ ಅಂತ ಆ ವರ್ಷ ಘೋಷಣೆಯಾಯಿತು. ಇಷ್ಟು ಸಣ್ಣ ದೇಶಕ್ಕೆ ಇದು ಬಹಳ ದೊಡ್ಡ ಮೊತ್ತ, ಅದರ ಬಗ್ಗೆ ಪ್ರಶ್ನೆ ಕೇಳಲೇಬೇಕು. ಆದರೆ ಪೂರ್ತಿ ಏರಿಕೆಯನ್ನು ಅದರ ಲೆಕ್ಕಕ್ಕೆ ಬರೆಯಬೇಡಿ.

ಕೊನೆಗೆ ವಿದೇಶಿ ಕರೆನ್ಸಿ ಠೇವಣಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. 2020ರಲ್ಲಿ ಡಾಲರ್ ಎದುರು ಅಲ್ಲಿನ ರೂಪಾಯಿ ಇಳಿದಿತ್ತು. ಖಾತೆಯಲ್ಲಿರುವ ಡಾಲರ್ ಅಷ್ಟೇ ಇದ್ದರೂ ರೂಪಾಯಿ ಲೆಕ್ಕದಲ್ಲಿ ಅದು ಜಾಸ್ತಿ ಕಾಣುತ್ತದೆ. ಆ ಸಾಲು ಬಿಟ್ಟು ಇನ್ನೊಮ್ಮೆ ಭಾಗಿಸಿ, ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ.