ಎವರೆಸ್ಟ್ ಬೇಸ್ ಕ್ಯಾಂಪ್ ದಾರಿಯ ಕಲ್ಲು, ಬೋರ್ಡು, ಸ್ಮಾರಕಗಳನ್ನು ಓದೋದು ಹೇಗೆ

ಬೇಸ್ ಕ್ಯಾಂಪ್‌ಗೆ ಹೊರಟವರು ಶೂ, ಜಾಕೆಟ್, ಮಾತ್ರೆ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ದಾರಿಯಲ್ಲಿ ಸಿಗುವ ಕಲ್ಲುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಯಾವ ಕಡೆಯಿಂದ ಹೋಗಬೇಕು, ಎಲ್ಲಿ ನಿಲ್ಲಬೇಕು, ಇವತ್ತು ಎಷ್ಟು ಹತ್ತಿದರೆ ಸಾಕು ಅನ್ನುವುದನ್ನೆಲ್ಲ ಆ ದಾರಿಯೇ ಹೇಳುತ್ತದೆ.

ನೇಪಾಳದಲ್ಲಿ ಈ ನಡಿಗೆ ಶುರುವಾಗುವ ಲುಕ್ಲಾ ಊರು ದಾಟುವಾಗಲೇ ಒಂದು ಕಮಾನು ಸಿಗುತ್ತದೆ. ಅದು ಪಸಾಂಗ್ ಲ್ಹಾಮು ಶೆರ್ಪಾ ಅವರ ನೆನಪಿನದು. 1993ರಲ್ಲಿ ಎವರೆಸ್ಟ್ ಏರಿದ ಮೊದಲ ನೇಪಾಳಿ ಮಹಿಳೆ, ಇಳಿಯುವಾಗ ತೀರಿಕೊಂಡರು. ಅವಸರದಲ್ಲಿ ಎಲ್ಲರೂ ಅದರಡಿ ಸುಮ್ನೆ ನುಗ್ಗಿಬಿಡುತ್ತಾರೆ, ನೀವು ಒಂದು ನಿಮಿಷ ನಿಲ್ಲಿ.

ಮುಂದೆ ಮಣಿ ಗೋಡೆಗಳು. ಟಿಬೆಟನ್ ಲಿಪಿಯಲ್ಲಿ 'ಓಂ ಮಣಿ ಪದ್ಮೇ ಹೂಂ' ಕೆತ್ತಿದ ಕಲ್ಲುಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ದಾರಿ ಅಲ್ಲಿ ಎರಡಾಗಿ ಒಡೆಯುತ್ತದೆ. ಎಡಗಡೆಯದನ್ನೇ ಹಿಡಿಯಿರಿ, ಗೋಡೆ ನಿಮ್ಮ ಬಲಕ್ಕಿರಬೇಕು. ನಮ್ಮ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವ ದಿಕ್ಕೇ ಇದು. ವಾಪಸ್ ಬರುವಾಗಲೂ ನಿಮ್ಮ ಎಡಕ್ಕೇ ಹೋದರೆ ಒಂದು ಸುತ್ತು ಪೂರ್ತಿಯಾಗುತ್ತದೆ. ಚೋರ್ಟನ್‌ಗೂ, ಅಂದರೆ ಬೌದ್ಧರ ಸ್ತೂಪಕ್ಕೂ, ಇದೇ ಕ್ರಮ. ಅವುಗಳ ಮೇಲೆ ಕೂರಬೇಡಿ, ಬ್ಯಾಗ್ ಇಡಬೇಡಿ, ನೆನಪಿಗೆ ಅಂತ ಒಂದು ಚೂರು ಕಲ್ಲನ್ನೂ ತರಬೇಡಿ.

ಬೋರ್ಡುಗಳಲ್ಲಿ ಊರಿನ ಹೆಸರಿಗಿಂತ ಎತ್ತರದ ಅಂಕಿ ಮುಖ್ಯ. ತೆಳು ಗಾಳಿಗೆ ಮೈ ಒಗ್ಗಬೇಕಾದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ನಾಮ್ಚೆ 3,440, ದಿಂಗ್‌ಬೋಚೆ 4,410. ಲೆಕ್ಕ ಹಾಕಿ ನೋಡಿ, ನಡುವೆ ಎಲ್ಲಾದರೂ ಒಂದು ರಾತ್ರಿ ಬೇಕೇ ಬೇಕು ಅಲ್ವಾ?

ಇನ್ನು ಥುಕ್ಲಾ ಪಾಸ್. ಈ ಇಡೀ ದಾರಿಯಲ್ಲಿ ನಿಧಾನಿಸಲೇಬೇಕಾದ ಜಾಗ ಅಂದರೆ ನನ್ನ ಪ್ರಕಾರ ಇದೇ. ಕಡಿದಾದ ಏರು ಮುಗಿದು ಸುಮಾರು 4,830 ಮೀಟರ್‌ಗೆ ಬಂದರೆ ಗಾಳಿಗೆ ಪಟಪಟ ಹೊಡೆದುಕೊಳ್ಳುವ ಬಾವುಟಗಳ ನಡುವೆ ಎಲ್ಲಿ ನೋಡಿದರೂ ಕಲ್ಲಿನ ಚೋರ್ಟನ್‌ಗಳು. ಎವರೆಸ್ಟ್‌ನಲ್ಲಿ, ಸುತ್ತಲಿನ ಶಿಖರಗಳಲ್ಲಿ ಸತ್ತವರವು. ಕೆಲವಕ್ಕೆ ಲೋಹದ ಫಲಕ ಇದೆ, ಕೆಲವು ಬರೀ ಕಲ್ಲಿನ ರಾಶಿ. 1996ರಲ್ಲಿ ಎವರೆಸ್ಟ್‌ನಲ್ಲಿ ತೀರಿಕೊಂಡ ಅಮೆರಿಕದ ಪರ್ವತಾರೋಹಿ ಸ್ಕಾಟ್ ಫಿಶರ್ ಅವರದು ಇಲ್ಲಿದೆ. ಬಾಬು ಚಿರಿ ಶೆರ್ಪಾ ಅವರದೂ ಇದೆ. 1999ರಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ ಎವರೆಸ್ಟ್ ತುದಿಯಲ್ಲಿ 21 ಗಂಟೆ ಕಳೆದವರು ಅವರು, 2001ರಲ್ಲಿ ಅದೇ ಬೆಟ್ಟದ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡರು.

ಬೆವರು ಆರುವ ಮುಂಚೆ ಜಾಕೆಟ್ ಹಾಕಿಕೊಳ್ಳಿ, ಬ್ಯಾಗ್ ಕೆಳಗಿಡಿ, ಆಮೇಲೆ ಒಂದೊಂದೇ ಹೆಸರು ಓದಿ. ಹೆಸರು, ದೇಶ, ವರ್ಷ. ಎಷ್ಟೋ ಜನರ ದೇಹ ಕೆಳಗೆ ಬಂದೇ ಇಲ್ಲ, ಮನೆಯವರಿಗೆ ಬಂದು ನಿಲ್ಲೋಕೆ ಇರುವುದು ಈ ಕಲ್ಲೊಂದೇ. ಅದಕ್ಕೆ ಒರಗಿ ಸೆಲ್ಫಿ ಬೇಡ, ಮಾರ್ಕರ್‌ನಲ್ಲಿ ನಿಮ್ಮ ಹೆಸರು ಖಂಡಿತ ಬೇಡ. ನಿಮ್ಮ ಗೈಡ್‌ಗೆ ಬೇಕಾದವರ ಕಲ್ಲೂ ಅಲ್ಲಿರಬಹುದು. ಅವರು ಎಲ್ಲಾದರೂ ನಿಂತರೆ ನೀವೂ ನಿಲ್ಲಿ, ಬೇಗ ಹೊರಡೋಣ ಅನ್ನಬೇಡಿ.

ಲೊಬುಚೆ ದಾಟಿದ ಮೇಲೆ ಕಲ್ಲುಗುಂಡುಗಳ ನಡುವೆ ದಾರಿ ಮಸುಕಾಗುತ್ತದೆ. ಅಲ್ಲಿ ಒಂದರ ಮೇಲೊಂದು ಪೇರಿಸಿದ ಚಿಕ್ಕ ಕಲ್ಲುಗಳು ದಾರಿಯ ಗುರುತು. ಮಂಜು ಕವಿದರೆ ಮುಂದಿನ ಗುರುತು ಕಾಣುವ ತನಕ ಇದ್ದಲ್ಲೇ ಇರಿ. ಫೋಟೋಗೆ ಅಂತ ಹೊಸದಾಗಿ ಕಲ್ಲು ಪೇರಿಸಬೇಡಿ, ಹಿಂದೆ ಬರುವವರು ಅದನ್ನೇ ನಂಬಿ ದಾರಿ ತಪ್ಪುತ್ತಾರೆ.

ಇಳಿಯುವಾಗ ಫೆರಿಚೆ ಊರಿನ ಮೂಲಕ ಬನ್ನಿ. ಅಲ್ಲಿ ಎತ್ತರದ ಕಾಯಿಲೆ ನೋಡುವ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಕ್ಲಿನಿಕ್ ಹತ್ತಿರ ಎವರೆಸ್ಟ್‌ನಲ್ಲಿ ಮಡಿದವರ ಹೆಸರು ಕೊರೆದ ಉಕ್ಕಿನ ಸ್ಮಾರಕ ಇದೆ. ಹತ್ತುವಾಗಲೇ ತಲೆನೋವು, ವಾಂತಿ ಶುರುವಾದರೆ ಮಾತ್ರ ಬೇಸ್ ಕ್ಯಾಂಪ್ ಆಸೆ ಬಿಟ್ಟು ಆಗಲೇ ಅಲ್ಲಿಗೆ ಇಳಿದುಬಿಡಿ.