ಏಪ್ರಿಲ್ ಹುಲ್ಲಿಗೆ ತಕ್ಕ ಬ್ಯಾಟರಿ: ನಾನು ಲಾನ್ ಮೋವರ್ ಆರಿಸಿದ್ದು ಹೀಗೆ

ಯುಗಾದಿ ಕಳೆದು ಎರಡು ವಾರ ಆಗಿತ್ತು. ಶನಿವಾರ ಬೆಳಿಗ್ಗೆ ಹಿತ್ತಲ ಹುಲ್ಲು ಕತ್ತರಿಸಲು ಶುರು ಮಾಡಿದ್ದೆ. ಅರ್ಧ ಮುಗಿದಿರಬೇಕು, ಮೋವರ್‌ನ ಸದ್ದು ಸಣ್ಣಗಾಗಿ ಗಕ್ಕನೆ ನಿಂತಿತು. ಬ್ಯಾಟರಿ ಮೇಲಿನ ಗುಂಡಿ ಒತ್ತಿದೆ. ನಾಲ್ಕು ದೀಪಗಳಲ್ಲಿ ಒಂದೂ ಹತ್ತಲಿಲ್ಲ. ಫೋನ್ ನೋಡಿದರೆ ಶುರು ಮಾಡಿ ಬರೀ 13 ನಿಮಿಷ ಆಗಿತ್ತು. ಡಬ್ಬದ ಮೇಲೆ 40 ನಿಮಿಷ ಅಂತ ಬರೆದಿತ್ತು.

ಮತ್ತೆ ಚಾರ್ಜ್ ಆಗಲು ಒಂದೂವರೆ ಗಂಟೆ ಬೇಕು. ಅಷ್ಟರಲ್ಲಿ ಮಳೆ ಹಿಡಿಯಿತು. ಭಾನುವಾರವೂ ಮಳೆ, ಸೋಮವಾರದಿಂದ ಆಫೀಸು. ಮುಂದಿನ ಶನಿವಾರದ ಹೊತ್ತಿಗೆ ಉಳಿದ ಅರ್ಧ ಹಿತ್ತಲಲ್ಲಿ ಹುಲ್ಲು ಪಾದ ಮುಚ್ಚುವಷ್ಟು ಎದ್ದಿತ್ತು. ಲೇಔಟಿನ ಮನೆ ಮಾಲೀಕರ ಸಂಘದಿಂದ, ಇಲ್ಲಿ ಎಚ್‌ಒಎ ಅಂತಾರೆ, ಪತ್ರವೂ ಬಂತು. ಓದಿ ನಿಜವಾಗಿ ಬೇಸರವಾಯಿತು. ಹುಲ್ಲನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು ಅಂತ ಆಸೆಪಟ್ಟೇ ಮೋವರ್ ತಂದಿದ್ದೆ.

ನಾವಿರೋದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿ ನಗರದ ಹತ್ತಿರ. ಕೆಂಪು ಜೇಡಿ ಮಣ್ಣಿನ ಊರು. ಇಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ಟಾಲ್ ಫೆಸ್ಕ್ಯೂ ಎನ್ನುವ ಹುಲ್ಲು. ಅದಕ್ಕೆ ತಂಪು ಹವೆ ಇಷ್ಟ. ಜುಲೈ ಬಿಸಿಲಿಗೆ ಸೊರಗುತ್ತದೆ. ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಮಾತ್ರ ಹುಚ್ಚು ಹಿಡಿದ ಹಾಗೆ ಬೆಳೆಯುತ್ತದೆ. ನಮ್ಮ ಹಬ್ಬಗಳ ಲೆಕ್ಕದಲ್ಲಿ ಹೇಳೋದಾದರೆ ಯುಗಾದಿಗೆ ಮೊದಲ ಜೋರು, ಗಣೇಶ ಹಬ್ಬದ ಹೊತ್ತಿಗೆ ಹೊಸ ಬೀಜ ಬಿತ್ತುವ ಕಾಲ, ದೀಪಾವಳಿಗೆ ಎಲೆ ಉದುರುವ ಕಾಲ. ಈ ಮೂರನ್ನೂ ಒಂದೇ ಮೋವರ್ ನಿಭಾಯಿಸಬೇಕು. ನಾನು ಮೊದಲನೆಯದನ್ನು ತಂದಿದ್ದು ಜುಲೈನಲ್ಲಿ. ಆಗ ಹುಲ್ಲು ವಿರಳ, ಒಣಗಿತ್ತು. ಒಂದು ಚಾರ್ಜಿಗೆ ಮನೆಯ ಮುಂದೆ ಹಿಂದೆ ಎರಡೂ ಮುಗಿಯುತ್ತಿತ್ತು. ಏಪ್ರಿಲ್ ಬರುವವರೆಗೆ ನನಗೆ ಏನೂ ಗೊತ್ತಾಗಲಿಲ್ಲ.

ಆ ವರ್ಷ ಅಪ್ಪ ಅಮ್ಮ ಸಾಗರದಿಂದ ಬಂದಿದ್ದರು. ಅಪ್ಪ ಹಿಂದಿನ ಡೆಕ್ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಮೊದಲು ಅವರಿಗೆ ಹುಲ್ಲಿನದೇ ಸಂಕಟ. "ಇಷ್ಟು ಚಂದದ ಹುಲ್ಲು, ತಿನ್ನೋಕೆ ಒಂದು ದನ ಇಲ್ವಲ್ಲೋ" ಅಂದರು. ಆಮೇಲೆ ಮೋವರ್ ಹತ್ತಿರ ಬಂದು ಕೇಳಿದರು. "ತೋಟದಲ್ಲಿ ಕಳೆ ಹೊಡೆಯೋ ಮಷಿನ್ನಿಗೆ ಒಂದು ಟ್ಯಾಂಕ್ ಪೆಟ್ರೋಲ್ ಹಾಕಿದ್ರೆ ಎಷ್ಟು ಅಡಿಕೆ ಸಾಲು ಆಗುತ್ತೆ ಅಂತ ನಂಗೆ ಗೊತ್ತು. ಮಳೆಗಾಲದ ಕಳೆಗೆ ಎಷ್ಟು, ಬೇಸಿಗೆಗೆ ಎಷ್ಟು ಅಂತಾನೂ ಗೊತ್ತು. ನಿಂದು ಟ್ಯಾಂಕ್ ಎಷ್ಟು ದೊಡ್ಡದು?"

ನನಗೆ ಉತ್ತರ ಗೊತ್ತಿರಲಿಲ್ಲ. 40 ವೋಲ್ಟ್ ಅಂದೆ. ಅದು ಟ್ಯಾಂಕಿನ ಅಳತೆ ಅಲ್ಲವೇ ಅಲ್ಲ ಅಂತ ಆ ರಾತ್ರಿ ಕೂತು ಓದಿದಾಗ ಅರ್ಥವಾಯಿತು.

ಬ್ಯಾಟರಿಯ ಟ್ಯಾಂಕ್ ಅಳೆಯುವುದು ವ್ಯಾಟ್-ಅವರ್‌ನಲ್ಲಿ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಅದು ಬರುತ್ತದೆ. ಆಂಪಿಯರ್-ಅವರ್ ಅಂದರೆ ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಂಕಿ. ಇನ್ನೊಂದು ವಿಷಯ ಇದೆ. ಒಳಗಿರುವ ಒಂದೊಂದು ಲಿಥಿಯಂ ಸೆಲ್ ಕೆಲಸದ ವೇಳೆ ಸರಾಸರಿ 3.6 ವೋಲ್ಟ್ ಕೊಡುತ್ತದೆ. ಪೂರ್ತಿ ತುಂಬಿದಾಗ 4ರ ಆಸುಪಾಸು. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವುದು ತುಂಬಿದಾಗಿನ ಅಂಕಿ. ಹತ್ತು ಸೆಲ್ ಸಾಲಾಗಿ ಜೋಡಿಸಿದ್ದು 40 ವೋಲ್ಟ್ ಅಂತ ಮಾರಾಟವಾಗುತ್ತದೆ, ಕೆಲಸದಲ್ಲಿ ಅದು 36. ಹಾಗೆಯೇ 80 ವೋಲ್ಟ್ ಅಂದರೆ 72. ಸಣ್ಣ ಅಕ್ಷರದಲ್ಲಿ ಇದನ್ನು ಬರೆದೇ ಇರುತ್ತಾರೆ, ನಾವು ಓದಿರುವುದಿಲ್ಲ ಅಷ್ಟೇ.

ನನ್ನ ಬ್ಯಾಟರಿ 40 ವೋಲ್ಟ್, 4 ಆಂಪಿಯರ್-ಅವರ್. 36ನ್ನು 4ರಿಂದ ಗುಣಿಸಿದರೆ 144 ವ್ಯಾಟ್-ಅವರ್. ಅಂಗಡಿಯಲ್ಲಿ ಅದರ ಪಕ್ಕದಲ್ಲೇ 80 ವೋಲ್ಟಿನದೊಂದು ಇತ್ತು, 2 ಆಂಪಿಯರ್-ಅವರ್. 72 ಗುಣಿಸು 2, ಅದೂ 144. ಒಂದರ ಮೇಲೆ 40, ಇನ್ನೊಂದರ ಮೇಲೆ 80 ಅಂತ ಬರೆದಿದೆ, ಟ್ಯಾಂಕ್ ಎರಡರದ್ದೂ ಒಂದೇ! ನೋಡಿದವರಿಗೆ ಎರಡನೆಯದು ಎರಡರಷ್ಟು ಅನ್ನಿಸದೇ ಇರುತ್ತಾ? ವೋಲ್ಟ್ ಜಾಸ್ತಿ ಇದ್ದರೆ ಅಷ್ಟೇ ಶಕ್ತಿಗೆ ಕಡಿಮೆ ಕರೆಂಟ್ ಹರಿದರೆ ಸಾಕು, ವೈರು ಮೋಟರು ಕಡಿಮೆ ಬಿಸಿಯಾಗುತ್ತವೆ. ಅದು ಒಳ್ಳೆಯದೇ. ಆದರೆ ಎಷ್ಟು ಹುಲ್ಲು ಮುಗಿಯುತ್ತದೆ ಅನ್ನುವುದನ್ನು ವೋಲ್ಟ್ ಹೇಳುವುದಿಲ್ಲ.

ಮರುದಿನ ಲಾನ್ ಅಳೆದೆವು. ನಮ್ಮ ಸೈಟು ಕಾಲು ಎಕರೆ, ಅಂದರೆ 10,890 ಚದರ ಅಡಿ. ಮನೆ, ಡ್ರೈವ್‌ವೇ, ಹೂವಿನ ಪಾತಿ, ಮರಗಳ ಬುಡ ಎಲ್ಲ ಕಳೆದು ಹುಲ್ಲು ಉಳಿದಿದ್ದು ಸುಮಾರು 5,200. ಗೂಗಲ್ ಮ್ಯಾಪಿನಲ್ಲೂ ಅಳೆಯಬಹುದು, ಮರದ ನೆರಳಿರುವ ಕಡೆ ಮಾತ್ರ ತಪ್ಪುತ್ತದೆ. ಅಪ್ಪ ಟೇಪಿನ ಒಂದು ತುದಿ ಹಿಡಿದು ಓಡಾಡಿದರು. ಕಾಲು ಎಕರೆ ಸೈಟು ಅಂತ ಕಾಲು ಎಕರೆಗಾಗುವ ಮೋವರ್ ಕೊಳ್ಳುವವರು ತುಂಬ ಜನ. ಮೊದಲು ಅಳೆಯಿರಿ, ಅರ್ಧ ಗಂಟೆಯ ಕೆಲಸ.

ಆಮೇಲೆ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ತಂದೆ. ಚಾರ್ಜರನ್ನು ಅದರ ಮೂಲಕ ಸಿಕ್ಕಿಸಿದರೆ ಎಷ್ಟು ಕರೆಂಟ್ ಒಳಗೆ ಹೋಯಿತು ಅಂತ ತೋರಿಸುತ್ತದೆ. ಇಡೀ ವರ್ಷ ಪ್ರತಿ ಸಲ ಹುಲ್ಲು ಕತ್ತರಿಸಿದ ಮೇಲೆ ಬರೆದಿಟ್ಟೆ. ಜುಲೈನಲ್ಲಿ ಇಡೀ ಲಾನ್‌ಗೆ 165 ವ್ಯಾಟ್-ಅವರ್ ಆಸುಪಾಸು. ಮೇ ಮೊದಲ ವಾರ, ರಾತ್ರಿ ಮಳೆಯಾಗಿ ಬೆಳಿಗ್ಗೆ ಇನ್ನೂ ಒದ್ದೆ ಇರುವಾಗ 350. ಅದೇ ಲಾನ್, ಅದೇ ಮೋವರ್, ಎರಡರಷ್ಟಕ್ಕಿಂತ ಜಾಸ್ತಿ. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದರೆ ಬ್ಯಾಟರಿಯಲ್ಲಿ 300 ವ್ಯಾಟ್-ಅವರ್ ಇರಲೇಬೇಕು. ಬ್ಯಾಟರಿ ಹಳೆಯದಾದಂತೆ ಹಿಡಿಯುವುದು ಕಡಿಮೆಯಾಗುತ್ತದೆ. ಐದಾರು ವರ್ಷದ ನಂತರವೂ ಏಪ್ರಿಲ್ ದಾಟಬೇಕು ಅಂದರೆ ಇನ್ನೊಂದು ಕಾಲು ಭಾಗ ಸೇರಿಸಬೇಕು. ನನಗೆ ಬೇಕಾದದ್ದು 375ರ ಹತ್ತಿರ ಅಂತ ಲೆಕ್ಕ ಬಂತು. ಅಪ್ಪ ಕೇಳಿದ ಟ್ಯಾಂಕಿನ ಅಳತೆ ಅದು. ಫೋನಿನಲ್ಲಿ ಹೇಳಿದಾಗ "ಹಾಂ, ಈಗ ಸರಿ" ಅಂದರು.

ದೊಡ್ಡ ಬ್ಯಾಟರಿಗೆ ದುಡ್ಡು ಹಾಕಲು ಇಷ್ಟವಿಲ್ಲದವರಿಗೆ ಇನ್ನೊಂದು ದಾರಿ ಇದೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು ಅನ್ನುವುದು ಹಳೆಯ ನಿಯಮ. ಫೆಸ್ಕ್ಯೂವನ್ನು ಮೂರೂವರೆ ಇಂಚಿಗೆ ಇಡಬೇಕಾದರೆ ಐದು ಇಂಚು ಮುಟ್ಟುವಾಗಲೇ ಕತ್ತರಿಸಬೇಕು. ಏಪ್ರಿಲ್‌ನಲ್ಲಿ ಅದು ಐದು ದಿನಕ್ಕೊಮ್ಮೆ ಬರುತ್ತದೆ. ಹಾಗೆ ಮಾಡಿದರೆ ಸಣ್ಣ ಬ್ಯಾಟರಿಯೂ ಸಾಕು, ಹುಲ್ಲಿಗೂ ಒಳ್ಳೆಯದು. ವಾರದ ಮಧ್ಯೆ ಮನೆಯಿಂದ ಕೆಲಸ ಮಾಡುವವರಿಗೆ ಇದನ್ನೇ ಹೇಳುತ್ತೇನೆ. ನನಗೆ ಶನಿವಾರ ಬಿಟ್ಟು ಬೇರೆ ದಿನ ಆಗುವುದಿಲ್ಲ.

ಪೆಟ್ರೋಲಿನದು ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಮನೆ ಕೊಂಡಾಗ ಹಳೆಯ ಮಾಲೀಕರು ಒಂದನ್ನು ಬಿಟ್ಟುಹೋಗಿದ್ದರು. ಇಲ್ಲಿನ ಪೆಟ್ರೋಲಿಗೆ ಸಾಮಾನ್ಯವಾಗಿ ಶೇ 10ರಷ್ಟು ಎಥನಾಲ್ ಬೆರೆಸಿರುತ್ತಾರೆ. ಚಳಿಗಾಲವಿಡೀ ಟ್ಯಾಂಕಿನಲ್ಲಿ ಉಳಿದರೆ ಕಾರ್ಬ್ಯುರೇಟರ್ ಅಂಟು ಕಟ್ಟುತ್ತದೆ, ವಸಂತದಲ್ಲಿ ಹಗ್ಗ ಎಳೆದೂ ಎಳೆದೂ ತೋಳು ಬೀಳುತ್ತದೆ. ಮನೆಯಲ್ಲಿ ಮಧ್ಯಾಹ್ನ ಮಲಗುವ ಮಗು ಬೇರೆ ಇತ್ತು. ಕ್ಯಾಲಿಫೋರ್ನಿಯಾದಲ್ಲಂತೂ 2024ರಿಂದ ತಯಾರಾದ, ಹೊಗೆ ಬಿಡುವ ಹೊಸ ಮೋವರ್‌ಗಳ ಮಾರಾಟಕ್ಕೆ ಕಾನೂನೇ ಅಡ್ಡ ಬಂದಿದೆ. ನಮ್ಮ ರಾಜ್ಯದಲ್ಲಿ ಹಾಗಿಲ್ಲ. ಎಕರೆಗಟ್ಟಲೆ ಹುಲ್ಲು ಇರುವವರು ಯೋಚಿಸಲಿ, ನನಗೆ ಬ್ಯಾಟರಿಯೇ ಸರಿ.

ಎರಡನೆಯದನ್ನು ಕೊಳ್ಳುವ ಮೊದಲು ಮೂವರು ಕನ್ನಡದ ಗೆಳೆಯರ ಮನೆಯಿಂದ ಒಂದೊಂದು ವಾರ ಮೋವರ್ ಕೇಳಿ ತಂದೆ. ಇಂಥ ಕೆಲಸಕ್ಕೆ ನಮ್ಮವರು ಇಲ್ಲ ಅನ್ನುವುದಿಲ್ಲ. ಅಂಗಡಿಯ ಸಿಮೆಂಟ್ ನೆಲದ ಮೇಲೆ ತಳ್ಳಿ ನೋಡಿದರೆ ಏನೂ ಗೊತ್ತಾಗಲ್ಲ. ನಮ್ಮ ಹಿತ್ತಲು ತೊರೆಯ ಕಡೆಗೆ ಇಳಿಜಾರು. ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಮೋವರ್ ಏರು ಹತ್ತುವಾಗ, ಹಿಂದಿನ ಚೀಲ ತುಂಬಿದ ಮೇಲಂತೂ, ಮುಂದಿನ ಚಕ್ರ ಹಗುರಾಗಿ ಜಾರುತ್ತಿತ್ತು. ಹಿಂದಿನ ಚಕ್ರ ತಾನೇ ಓಡುವಂಥದ್ದು ಸಲೀಸಾಗಿ ಬಂತು. ಸಮತಟ್ಟು ಲಾನ್ ಇದ್ದವರಿಗೆ ಆ ಖರ್ಚು ಬೇಡ, ತಳ್ಳುವುದೇ ಸಾಕು. ಇಳಿಜಾರಿನಲ್ಲಿ ಕೈಯಲ್ಲಿ ತಳ್ಳುವ ಮೋವರನ್ನು ಯಾವಾಗಲೂ ಅಡ್ಡಡ್ಡವಾಗಿ ನಡೆಸಬೇಕು. ಮೇಲಿಂದ ಕೆಳಕ್ಕೆ ನಡೆಸುವಾಗ ಕಾಲು ಜಾರಿದರೆ ಯಂತ್ರ ನಮ್ಮ ಪಾದದ ಹತ್ತಿರವೇ ಇರುತ್ತದೆ.

ಹಿಡಿಯ ಸರಳು ಬಿಟ್ಟರೆ ಅಲಗು ಮೂರು ಸೆಕೆಂಡಿನೊಳಗೆ ನಿಲ್ಲಲೇಬೇಕು ಅನ್ನುವುದು ಇಲ್ಲಿ 1982ರಿಂದ ಇರುವ ನಿಯಮ. ಪೆಟ್ರೋಲಿನದರಲ್ಲಿ ಹಾಗೆ ನಿಂತರೆ ಸಾಮಾನ್ಯವಾಗಿ ಮತ್ತೆ ಹಗ್ಗ ಎಳೆಯಬೇಕು, ಅದಕ್ಕೇ ಸರಳು ಬಿಡಲು ಮನಸ್ಸು ಬರುವುದಿಲ್ಲ. ಬ್ಯಾಟರಿಯದರಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು. ಮಗನ ಆಟದ ಕಾರು ಹುಲ್ಲಿನಲ್ಲಿ ಕಂಡರೆ ನಿಲ್ಲಿಸಿ, ಎತ್ತಿಟ್ಟು, ಮತ್ತೆ ಶುರು ಮಾಡುತ್ತೇನೆ.

ಕೊನೆಗೆ ತಂದಿದ್ದು ಈಗೋ ಕಂಪನಿಯ 21 ಇಂಚಿನದು. ಬ್ಯಾಟರಿ 56 ವೋಲ್ಟ್, 7.5 ಆಂಪಿಯರ್-ಅವರ್. ಮೇಲೆ 420 ವ್ಯಾಟ್-ಅವರ್ ಅಂತ ಬರೆದಿದೆ. 14 ಸೆಲ್ಲಿನ ಸಾಲು, 3.6ರ ಲೆಕ್ಕ ಹಿಡಿದರೆ 378. ನನಗೆ ಬೇಕಾದಷ್ಟೇ. ಗ್ರೀನ್‌ವರ್ಕ್ಸ್, ರಿಯೋಬಿ, ಟೋರೊಗಳಲ್ಲೂ ಈ ಅಳತೆಗೆ ಹೊಂದುವವು ಸಿಗುತ್ತವೆ. ನಾನು ಇದಕ್ಕೆ ಹೋಗಿದ್ದು ಬದಿಯ ಹುಲ್ಲು ಕತ್ತರಿಸುವ ಟ್ರಿಮ್ಮರ್, ಎಲೆ ಊದುವ ಬ್ಲೋವರ್ ಎರಡೂ ಇದೇ ಬ್ಯಾಟರಿಯಲ್ಲಿ ಓಡಲಿ ಅಂತ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಬಿಡಿಯಾಗಿ ಕೊಂಡರೆ ದೊಡ್ಡ ಬ್ಯಾಟರಿಯೊಂದಕ್ಕೇ ಮೋವರ್‌ನ ಅರ್ಧ ಬೆಲೆ ಆಗುವುದುಂಟು. ಹಾಗಾಗಿ ಮೊದಲ ಸಲ ಮೋವರ್ ಕೊಳ್ಳುವಾಗ ಮುಂದಿನ ಹತ್ತು ವರ್ಷದ ಬ್ಯಾಟರಿಯನ್ನೇ ಆರಿಸುತ್ತಿದ್ದೇವೆ ಅಂತ ಇಟ್ಟುಕೊಳ್ಳಿ. ವಾರಂಟಿಯನ್ನೂ ಯಂತ್ರಕ್ಕೆ ಬೇರೆ, ಬ್ಯಾಟರಿಗೆ ಬೇರೆ ಓದಬೇಕು. ಬ್ಯಾಟರಿಯದು ಸಾಮಾನ್ಯವಾಗಿ ಕಡಿಮೆ ವರ್ಷ.

ಈಗ ಅಲಗಿನ ಮಾತು. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಹುಲ್ಲು ಕತ್ತರಿಸಿದ ಮರುದಿನ ಮೊಣಕಾಲೂರಿ ಕೂತು ಒಂದು ಎಸಳಿನ ತುದಿ ನೋಡಿ. ಅಲಗು ಹರಿತ ಇದ್ದರೆ ತುದಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರವಾಗಿರುತ್ತದೆ. ಮೊಂಡಾಗಿದ್ದರೆ ನಾರು ನಾರಾಗಿ ಸೀಳಿ ಬೆಳ್ಳಗಾಗಿರುತ್ತದೆ, ಎರಡು ದಿನಕ್ಕೆ ಕಂದು ಬಣ್ಣ. ದೂರದಿಂದ ಇಡೀ ಲಾನ್ ಮಂಕಾಗಿ ಕಾಣುತ್ತದೆ. ನೀರು ಕಡಿಮೆಯಾಯಿತು ಅಂದುಕೊಂಡು ನಾನು ಒಂದು ತಿಂಗಳು ಸುಮ್ನೆ ನೀರು ಬಿಟ್ಟಿದ್ದೆ. ಮೊಂಡು ಅಲಗು ಕರೆಂಟನ್ನೂ ತಿನ್ನುತ್ತದೆ. ಅಲಗು ಸಾಣೆ ಹಿಡಿದ ವಾರ ನನ್ನ ಮೀಟರಿನಲ್ಲಿ 40 ವ್ಯಾಟ್-ಅವರ್ ಕಡಿಮೆ ಬಂತು. ಈಗ ವರ್ಷಕ್ಕೆ ಎರಡು ಸಲ ಬಿಚ್ಚಿ ಅರ ಹಾಕುತ್ತೇನೆ. ಆಮೇಲೆ ಗೋಡೆಯ ಮೊಳೆಗೆ ಮಧ್ಯದ ತೂತಿನಿಂದ ನೇತುಹಾಕಿ ಎರಡೂ ಕಡೆ ಸಮ ತೂಗುತ್ತದಾ ನೋಡುತ್ತೇನೆ. ಒಂದು ಕಡೆ ವಾಲಿದರೆ ಆ ಕಡೆ ಇನ್ನೊಂದು ಸ್ವಲ್ಪ ಉಜ್ಜಬೇಕು. ಇಲ್ಲದಿದ್ದರೆ ಇಡೀ ಯಂತ್ರ ನಡುಗುತ್ತದೆ.

ಒದ್ದೆ ಹುಲ್ಲು ಮೋವರ್‌ನ ಹೊಟ್ಟೆಯೊಳಗೆ ಮೆತ್ತಿಕೊಳ್ಳುತ್ತದೆ. ನಮ್ಮ ಜೇಡಿ ಮಣ್ಣೂ ಸೇರಿ ಅರ್ಧ ಇಂಚು ಗಟ್ಟಿ ಪದರ ಆಗಿಬಿಡುತ್ತದೆ. ಗಾಳಿ ಸುತ್ತಲು ಜಾಗವಿಲ್ಲದೆ ಹುಲ್ಲು ಮೇಲೇಳುವುದಿಲ್ಲ. ಹಳೆಯ ಮರದ ಸಟ್ಟುಗ ಒಂದನ್ನು ಅದಕ್ಕೇ ಇಟ್ಟಿದ್ದೇನೆ. ಮೊದಲು ಬ್ಯಾಟರಿ ತೆಗೆದು ದೂರ ಇಡಿ, ಕೀ ಇದ್ದರೆ ಅದನ್ನೂ ತೆಗೆಯಿರಿ, ಆಮೇಲೇ ಮಗುಚಿ. ಪೈಪಿನಲ್ಲಿ ನೀರು ಬಿಡಬೇಡಿ.

ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದಿಲ್ಲ, ಕಾಫಿ ಕುಡಿಯುವಷ್ಟು ಹೊತ್ತು ತಣಿಯಲು ಬಿಡುತ್ತೇನೆ. ಜುಲೈನಲ್ಲಿ ಗ್ಯಾರೇಜು ಒಲೆಯ ಹಾಗೆ ಕಾಯುತ್ತದೆ, ಆಗ ಅದರ ಜಾಗ ಮನೆಯೊಳಗಿನ ಕಪಾಟು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು, ಒಳಗೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಚಾರ್ಜಿನಲ್ಲಿ ಒಳಗೇ ಇಡುತ್ತೇನೆ. ಮೋವರ್‌ನಲ್ಲಿ ಎಣ್ಣೆ ಇಲ್ಲದ್ದರಿಂದ ಹಿಡಿ ಮಡಚಿ ಗೋಡೆಗೆ ನೆಟ್ಟಗೆ ನಿಲ್ಲಿಸಿದರೆ ಆಯಿತು.

ಈ ವರ್ಷ ಯುಗಾದಿ ಮುಗಿದ ಮೇಲಿನ ಮೂರು ಶನಿವಾರವೂ ಒಂದೇ ಚಾರ್ಜಿಗೆ ಎಲ್ಲ ಮುಗಿಯಿತು. ಅತಿ ಒದ್ದೆ ಇದ್ದ ದಿನ ಕೊನೆಗೆ ಒಂದೇ ದೀಪ ಉಳಿದಿತ್ತು. ಹಳೆಯ ಸಣ್ಣ ಮೋವರನ್ನು ಟೌನ್‌ಹೌಸ್‌ನಲ್ಲಿರುವ ಗೆಳೆಯರೊಬ್ಬರಿಗೆ ಕೊಟ್ಟೆ. ಅವರ ಹುಲ್ಲು ಒಟ್ಟು 1,100 ಚದರ ಅಡಿ, ಅಳೆದೇ ಕೊಟ್ಟಿದ್ದು. ಏಪ್ರಿಲ್‌ನಲ್ಲೂ ಒಂದು ಚಾರ್ಜಿಗೆ ಎರಡು ಸಲ ಆಗುತ್ತದಂತೆ.